ಡಿಸ್ಕ್ ಗಾಲ್ಫ್ ಕೋರ್ಸ್ ಆರಂಭಿಸುವ ಕುರಿತು

ನಂಬರಪ್ಪನಿಗೆ ಆ ಹೆಸರು ಬಂದದ್ದು ಅಪ್ಪ ಅಮ್ಮನಿಂದಲ್ಲ, ವಿಶ್ವವಿದ್ಯಾಲಯದ ಕುರ್ಚಿಗಳಿಂದ. ಪೀಠೋಪಕರಣ ವಿಭಾಗದಲ್ಲಿ ಮೂವತ್ತೊಂದು ವರ್ಷಗಳಿಂದ ಅವನು ಮಾಡಿಕೊಂಡು ಬಂದ ಕೆಲಸವೆಂದರೆ ಹೊಸದಾಗಿ ಬಂದ ಪ್ರತಿ ಕುರ್ಚಿ, ಮೇಜು, ಬೆಂಚು, ಸ್ಟೂಲನ್ನು ತಲೆಕೆಳಗು ಮಾಡಿ ಅದರ ಹೊಟ್ಟೆಯ ಮೇಲೆ ಬಿಳಿ ಬಣ್ಣದಲ್ಲಿ ನಂಬರು ಬರೆಯುವುದು. ಮುರಿದು ವಾಪಸು ಬಂದರೆ ಆ ನಂಬರಿಗೆ ಅಡ್ಡಗೀಟು ಎಳೆಯುವುದು. ಕುಲಪತಿಗಳ ಕುರ್ಚಿಯಿಂದ ಹಿಡಿದು ಕಾವಲುಗಾರನ ಸ್ಟೂಲಿನವರೆಗೆ ಯಾವ ಆಸನದ ಅಡಿಯಲ್ಲಿ ಏನಿದೆಯೆಂದು ಬಲ್ಲವನು ಇಡೀ ವಿಶ್ವವಿದ್ಯಾಲಯದಲ್ಲಿ ಅವನೊಬ್ಬನೇ. ಈ ಜ್ಞಾನದಿಂದ ಯಾರಿಗೂ ಏನೂ ಆಗಬೇಕಾಗಿರಲಿಲ್ಲ. ಅವನಿಗೂ ಏನೂ ಆಗಿರಲಿಲ್ಲ.

ಹೀಗಿರುವಾಗ ಪರದೇಶದಿಂದ ಬಂದಿದ್ದ ಅತಿಥಿ ಉಪನ್ಯಾಸಕನೊಬ್ಬ ಕೊಠಡಿ ಖಾಲಿ ಮಾಡಿ ಹೋದ. ಅವನ ಮೇಜು ಕುರ್ಚಿಗಳ ಜೊತೆ ಒಂದು ಬಟ್ಟೆ ಚೀಲವೂ ನಂಬರಪ್ಪನ ಉಗ್ರಾಣಕ್ಕೆ ಬಂತು. ಒಳಗೆ ಐದು ಪ್ಲಾಸ್ಟಿಕ್ ತಟ್ಟೆಗಳು. ಊಟಕ್ಕೆಂದರೆ ಅಂಚು ದಪ್ಪ, ಮುಚ್ಚಳವೆಂದರೆ ಪಾತ್ರೆಯಿಲ್ಲ. ದಾಸ್ತಾನು ಪುಸ್ತಕದ ಯಾವ ಶೀರ್ಷಿಕೆಯಡಿಯಲ್ಲೂ ಕೂರದ ವಸ್ತುವನ್ನು ಕಂಡರೆ ನಂಬರಪ್ಪನಿಗೆ ಆ ದಿನದ ಪುಟ ಮುಚ್ಚಲಾಗುತ್ತಿರಲಿಲ್ಲ. ಸಂಜೆ ಐದಕ್ಕೆ ಚೀಲವನ್ನು ಹೆಗಲಿಗೇರಿಸಿಕೊಂಡು ಡ್ರಿಲ್ ಮೇಷ್ಟ್ರ ಮನೆಗೆ ಹೋದ.

ಡ್ರಿಲ್ ಮೇಷ್ಟ್ರು ಅದೇ ವಿಶ್ವವಿದ್ಯಾಲಯದಲ್ಲಿ ಮೂರು ತಲೆಮಾರಿನ ವಿದ್ಯಾರ್ಥಿಗಳನ್ನು ಓಡಿಸಿ ನಿವೃತ್ತರಾದವರು. ಹಿಂದಿನ ವರ್ಷ ಅವರ ಎದೆಯನ್ನು ಸೀಳಿ, ಒಳಗೆ ಏನೇನೋ ರಿಪೇರಿ ಮಾಡಿ, ಮತ್ತೆ ಹೊಲಿದಿದ್ದರು. ಅಂದಿನಿಂದ ಅವರು ಅಕ್ಕನ ಮನೆಯ ಜಗುಲಿಯಲ್ಲಿ ಮಡಿಸಿಟ್ಟ ಕೊಡೆಯಂತೆ ಕೂತಿರುತ್ತಿದ್ದರು. ಅಕ್ಕನಿಗೆ ಒಂದು ಕಿವಿ ಕೇಳಿಸುತ್ತಿರಲಿಲ್ಲ. ತಮ್ಮ ಗೊಣಗಲು ಶುರುಮಾಡಿದ ಕೂಡಲೇ ಆಕೆ ಆ ಕಿವಿಯನ್ನು ಅವರ ಕಡೆ ತಿರುಗಿಸಿ ಕೂರುತ್ತಿದ್ದರು.

"ಓಡಬಾರದಂತೆ. ಭಾರ ಎತ್ತಬಾರದಂತೆ. ಕೂಗಬಾರದಂತೆ. ಸೀಟಿ ಊದಬಾರದಂತೆ," ಎಂದು ಮೇಷ್ಟ್ರು ಬೆರಳು ಮಡಿಚಿದರು. "ಇನ್ನುಳಿದಿದ್ದು ಉಸಿರಾಡೋದು ಒಂದೇ ಕಣೋ. ಅದನ್ನೂ ನಿಧಾನಕ್ಕೆ ಆಡಿ ಅಂದಿದಾರೆ."

ನಂಬರಪ್ಪ ಉತ್ತರವಾಗಿ ಚೀಲವನ್ನು ಸುರಿದ. ತಟ್ಟೆಗಳ ಜೊತೆ ಮಡಿಸಿದ ಕಾಗದವೊಂದು ಬಿತ್ತು. ಮೇಷ್ಟ್ರು ಕನ್ನಡಕ ಹಾಕಿಕೊಂಡು ಅದನ್ನು ಓದಿದರು. ಓದುತ್ತ ಓದುತ್ತ ಅವರ ಬೆನ್ನು ಕುರ್ಚಿಯಿಂದ ಬಿಟ್ಟುಕೊಂಡಿತು. ಆಟದ ಹೆಸರು ಡಿಸ್ಕ್ ಗಾಲ್ಫ್. ಮರಗಳ ನಡುವೆ ಅಲ್ಲಲ್ಲಿ ಕಂಬ ನೆಟ್ಟು ಬುಟ್ಟಿ ಕಟ್ಟಿರುತ್ತಾರೆ. ದೂರದಲ್ಲಿ ನಿಂತು ತಟ್ಟೆ ಎಸೆಯಬೇಕು, ಅದು ಬಿದ್ದಲ್ಲಿಗೆ ನಡೆದುಹೋಗಬೇಕು, ಅಲ್ಲಿಂದ ಮತ್ತೆ ಎಸೆಯಬೇಕು. ಬುಟ್ಟಿಗೆ ಬಿದ್ದರೆ ಮುಂದಿನ ಬುಟ್ಟಿ.

"ಓಡೋದು ಇಲ್ಲ?" ಎಂದ ನಂಬರಪ್ಪ.

"ಇಲ್ಲ."

"ಕೂಗೋದು?"

"ಕೂಗಿದ್ರೆ ತಪ್ಪು ಅಂತ ಬರೆದಿದೆ ಇಲ್ಲಿ." ಮೇಷ್ಟ್ರ ಧ್ವನಿ ಒಂದು ವರ್ಷದಲ್ಲಿ ಮೊದಲ ಸಲ ಗಟ್ಟಿಯಾಯಿತು. "ಇದನ್ನ ನನಗೋಸ್ಕರಾನೇ ಯಾರೋ ಕಂಡುಹಿಡಿದಿದಾರೆ ಕಣೋ."

ಹಳೇ ಹಾಸ್ಟೆಲಿನ ಹಿಂದೆ ಯಾರಿಗೂ ಬೇಡವಾದ ಒಂದು ತೋಪಿತ್ತು. ನಂಬರಪ್ಪ ತನ್ನ ಉಗ್ರಾಣದಿಂದ, ಅಡ್ಡಗೀಟು ಎಳೆಸಿಕೊಂಡು ಬಿದ್ದಿದ್ದ ಒಂಬತ್ತು ಕಸದ ಬುಟ್ಟಿಗಳನ್ನು ಅಲ್ಲಿಗೆ ಸಾಗಿಸಿದ. ಪ್ರತಿ ಸಂಜೆ ಇಬ್ಬರೂ ಆಡತೊಡಗಿದರು. ಮೇಷ್ಟ್ರು ಮಣಿಕಟ್ಟನ್ನು ಒಂದಿಷ್ಟು ತಿರುಗಿಸಿದರೆ ಸಾಕು, ತಟ್ಟೆ ಮರಗಳ ನಡುವೆ ದಾರಿ ಕೇಳಿಕೊಂಡು ಹೋದಂತೆ ಹೋಗಿ ಬುಟ್ಟಿಯ ಪಕ್ಕ ಇಳಿಯುತ್ತಿತ್ತು. ನಂಬರಪ್ಪ ಮುಂದಕ್ಕೆ ಎಸೆದದ್ದು ಅವನ ಹಿಂದೆ ಹೋಗಿ ಬೀಳುತ್ತಿತ್ತು. ಇದರ ಕಾರಣವನ್ನು ಮೇಷ್ಟ್ರಿಗೆ ಕೊನೆಯವರೆಗೂ ಪತ್ತೆ ಹಚ್ಚಲಾಗಲಿಲ್ಲ. ಆದರೆ ಎರಡು ತಿಂಗಳು ಕಳೆಯುವುದರೊಳಗೆ ಮೇಷ್ಟ್ರ ಮುಖಕ್ಕೆ ರಕ್ತ ಬಂತು, ಊಟ ಸೇರಿತು, ಅಕ್ಕನ ಜೊತೆ ಜಗಳವಾಡುವಷ್ಟು ಶಕ್ತಿ ಬಂತು.

ಆಮೇಲೆ ಒಂದು ಸಂಜೆ ಕಾವಲುಗಾರ ಬಂದು ಬುಟ್ಟಿಗಳನ್ನು ಒಂದರೊಳಗೊಂದು ಪೇರಿಸತೊಡಗಿದ.

"ಇಲ್ಲಿ ಆಡೋ ಹಾಗಿಲ್ಲ ಸಾರ್. ವಾಹನ ನಿಲ್ಲಿಸೋ ಜಾಗ ಮಾಡ್ತಾರಂತೆ. ಅನುಮತಿ ಇದ್ರೆ ತೋರ್ಸಿ, ನಾನೇ ನಿಮ್ಮ ತಟ್ಟೆ ಹೆಕ್ಕಿಕೊಡ್ತೀನಿ."

ಅನುಮತಿ ಇರಲಿಲ್ಲ. ಇಬ್ಬರೂ ವಾಪಸು ನಡೆದರು. ಮೇಷ್ಟ್ರು ಜಗುಲಿಗೆ ಹೋಗಿ ಮತ್ತೆ ಮಡಿಸಿಕೊಂಡು ಕೂತರು.

ಇಷ್ಟಕ್ಕೇ ಎಲ್ಲ ಮುಗಿದುಹೋಗಬೇಕಾಗಿತ್ತು. ಮುಗಿಯದಿರುವುದಕ್ಕೆ ಕಾರಣ ನಂಬರಪ್ಪನ ಹೆಂಡತಿಯ ತಮ್ಮ. ಈ ಭಾವಮೈದ ಒಂದು ಗಾಲ್ಫ್ ಕ್ಲಬ್ಬಿನ ಸದಸ್ಯ. ಅಂದರೆ ಕ್ಲಬ್ಬಿನ ವರಾಂಡದಲ್ಲಿ ಕೂತು ಬೇರೆಯವರು ಆಡುವುದನ್ನು ನೋಡಲು ಅವನಿಗೆ ಲಿಖಿತ ಪರವಾನಗಿ ಇತ್ತು. ಭಾನುವಾರ ಊಟಕ್ಕೆ ಬಂದವನು, ಅದೇ ಊಟಕ್ಕೆ ಬಂದು ಮೂಲೆಯಲ್ಲಿ ಕೂತಿದ್ದ ಮೇಷ್ಟ್ರ ಎದುರಿಗೇ ಬಾಯಿ ಬಿಟ್ಟ.

"ಏನು ಭಾವ, ಈ ವಯಸ್ಸಲ್ಲಿ ತಟ್ಟೆ ಎಸೆದು ತಟ್ಟೆ ಹುಡುಕ್ತೀರಂತೆ? ಕಾವಲುಗಾರ ಓಡಿಸಿದನಂತೆ?"

ನಂಬರಪ್ಪ ಮೇಷ್ಟ್ರ ಕಡೆ ನೋಡಿದ. ಅವರು ತಟ್ಟೆಯೊಳಗಿನ ಊಟವನ್ನೇ ನೋಡುತ್ತಿದ್ದರು. ಅವನ ನಾಲಿಗೆ, ಅವನನ್ನು ಒಂದು ಮಾತೂ ಕೇಳದೆ, ತಾನಾಗಿಯೇ ಹೊರಟುಬಿಟ್ಟಿತು.

"ಓಡಿಸಿದ್ದಲ್ಲ. ಅಳತೆ ತೆಗೀಬೇಕು, ಜಾಗ ಬಿಡಿ ಅಂದ. ವಿಶ್ವವಿದ್ಯಾಲಯದಲ್ಲೇ ಡಿಸ್ಕ್ ಗಾಲ್ಫ್ ಕೋರ್ಸ್ ಬರ್ತಾ ಇದೆ. ಕಮಿಟಿ ಆಗಿದೆ. ನಾನೂ ಇದೀನಿ ಅದ್ರಲ್ಲಿ."

ಆ ಕಮಿಟಿಯಲ್ಲಿದ್ದವನು ಅವನೊಬ್ಬನೇ; ಅವನಿಗೂ ಅದರ ಸುದ್ದಿ ತಿಳಿದದ್ದು ಆ ಕ್ಷಣದಲ್ಲೇ.

ಭಾವಮೈದನ ಕೈಯಲ್ಲಿದ್ದ ತುತ್ತು ನಿಂತಿತು. ಹೆಂಡತಿ ಅಡುಗೆಮನೆಯ ಬಾಗಿಲಿಗೆ ಬಂದು, "ನನಗೆ ಹೇಳೇ ಇಲ್ವಲ್ರೀ!" ಎಂದಳು. ಮೇಷ್ಟ್ರು ನಿಧಾನವಾಗಿ ತಲೆಯೆತ್ತಿದರು.

"ನಿಜವೇನೋ?"

"ನಿಜ ಮೇಷ್ಟ್ರೇ."

"ಬುಟ್ಟಿ ಒಂಬತ್ತಾ, ಹದಿನೆಂಟಾ?"

"ಹದಿನೆಂಟು," ಎಂದ ನಂಬರಪ್ಪ. ಸುಳ್ಳು ಹೇಳುವಾಗ ಅವನು ಜಿಪುಣನಾಗಿರಲಿಲ್ಲ.

ಮರುದಿನ ಹೆಂಡತಿ ಪಕ್ಕದ ಮನೆಯಾಕೆಗೆ, "ನಮ್ಮನೆಯವರು ಇನ್ಮೇಲೆ ಪೂರಾ ಡಿಸ್ಕ್‌ನಲ್ಲೇ ಮುಳುಗಿರ್ತಾರೆ ಕಣ್ರೀ," ಎಂದಳು. "ಅಯ್ಯೋ, ಡಿಸ್ಕಾ?" ಎಂದು ಆಕೆ ಎದೆಯ ಮೇಲೆ ಕೈಯಿಟ್ಟುಕೊಂಡು ಒಳಗೋಡಿ, ತನ್ನ ಗಂಡ ಬೆನ್ನುನೋವಿಗೆ ಕಟ್ಟಿಕೊಳ್ಳುತ್ತಿದ್ದ ದಪ್ಪ ಪಟ್ಟಿಯನ್ನು ತಂದುಕೊಟ್ಟಳು. ಬೇಡವೆಂದರೆ ಬೇಜಾರಾಗುತ್ತಾಳೆಂದು ನಂಬರಪ್ಪ ಒಂದು ವಾರ ಅದನ್ನು ಕಟ್ಟಿಕೊಂಡೇ ಕಚೇರಿಗೆ ಹೋದ.

ಆ ವಾರದಲ್ಲೇ ಅರ್ಜಿ ಬರೆದ. ಅವನ ಜೀವಮಾನದಲ್ಲಿ ಅಷ್ಟು ಒಳ್ಳೆಯ ಅರ್ಜಿ ಅವನು ಬರೆದಿರಲಿಲ್ಲ. ಈ ಆಟಕ್ಕೆ ಒಂದು ಮರವನ್ನೂ ಕಡಿಯಬೇಕಾಗಿಲ್ಲ, ಮರವಿದ್ದಷ್ಟೂ ಆಟಕ್ಕೆ ಕಳೆ. ಮುದುಕರು, ರೋಗಿಗಳು, ಪರೀಕ್ಷೆಯಲ್ಲಿ ನಪಾಸಾದವರು, ಯಾರು ಬೇಕಾದರೂ ಆಡಬಹುದು. ಎದೆ ಹೊಲಿಸಿಕೊಂಡವರೂ ಆಡಿ ಗುಣಮುಖರಾದ ನಿದರ್ಶನವಿದೆ ಎಂದೆಲ್ಲ ಎರಡೂವರೆ ಪುಟ. ಎಲ್ಲಕ್ಕಿಂತ ಮೇಲೆ ದಪ್ಪ ಅಕ್ಷರದಲ್ಲಿ: 'ವಿಷಯ: ವಿಶ್ವವಿದ್ಯಾಲಯದ ಆವರಣದಲ್ಲಿ ಡಿಸ್ಕ್ ಗಾಲ್ಫ್ ಕೋರ್ಸ್ ಆರಂಭಿಸುವ ಕುರಿತು.'

ಕುಲಸಚಿವರು ಯಾವ ಅರ್ಜಿಯಲ್ಲೂ 'ವಿಷಯ'ದಿಂದ ಕೆಳಗೆ ಇಳಿಯುವವರಲ್ಲ. ಇಳಿದರೆ ಬೆಳಕು ಸಾಲದೆಂದೋ ಏನೋ. ವಿಷಯ ಓದಿದರು, 'ಕೋರ್ಸ್' ಎಂಬ ಶಬ್ದ ಕಂಡರು, ಹಸಿರು ಶಾಯಿಯಲ್ಲಿ ಷರಾ ಬರೆದರು: 'ವಿದ್ಯಾವಿಷಯಕ ವಿಭಾಗ, ಪರಿಶೀಲಿಸಿ ಮಂಡಿಸಿ.'

ವಿದ್ಯಾವಿಷಯಕ ವಿಭಾಗವೆಂದರೆ ಯಾವ ಪಾಠ ಇರಬೇಕು, ಯಾವ ಪದವಿ ಕೊಡಬೇಕು ಎಂದು ನಿರ್ಧರಿಸುವ ಜಾಗ. ಅದರ ಮೇಲ್ವಿಚಾರಕಿಯನ್ನು ಎಲ್ಲರೂ ಸಿಲಬಸ್ ಮೇಡಂ ಎಂದೇ ಕರೆಯುತ್ತಿದ್ದರು. ಆಕೆ ನಂಬರಪ್ಪನನ್ನು ಕರೆಸಿ, ಖಾಲಿ ನಮೂನೆಯೊಂದನ್ನು ಎದುರಿಗಿಟ್ಟುಕೊಂಡು ಪೆನ್ನು ಬಿಚ್ಚಿದರು.

"ನಿಮ್ಮ ಕೋರ್ಸಿನ ಅವಧಿ ಎಷ್ಟು?"

"ಎರಡು ಗಂಟೆ ಹಿಡಿಯುತ್ತೆ ಮೇಡಂ. ತಟ್ಟೆ ಕಳೆದುಹೋದ್ರೆ ಇನ್ನೂ ಜಾಸ್ತಿ."

"ಎರಡು ಗಂಟೇಲಿ ಮುಗಿಸೋಕೆ ಇದೇನು ಡ್ರೈವಿಂಗ್ ಪರೀಕ್ಷೇನಾ? ಆರು ತಿಂಗಳು ಅಂತ ಹಾಕ್ತೀನಿ. ಪ್ರವೇಶಕ್ಕೆ ಅರ್ಹತೆ?"

"ಒಂದು ಕೈ ಇದ್ರೆ ಸಾಕು."

"ಯಾವುದೇ ಪದವಿ," ಎಂದು ಮೇಡಂ ಬರೆದುಕೊಂಡರು. "ಪಠ್ಯಪುಸ್ತಕ?"

ಆಗ ನಂಬರಪ್ಪನಿಗೆ ಬೆನ್ನಿನಲ್ಲಿ ನಿಜಕ್ಕೂ ಒಂದು ಚಳುಕು ಹೊಡೆಯಿತು. "ಮೇಡಂ, ಇದು ಆ ಕೋರ್ಸ್ ಅಲ್ಲ. ಇದು ಜಾಗ. ಮರಗಳ ಮಧ್ಯೆ ಬುಟ್ಟಿ ನೆಟ್ಟಿರ್ತಾರಲ್ಲ, ಆ ಜಾಗಕ್ಕೇ ಕೋರ್ಸ್ ಅಂತಾರೆ."

"ಜಾಗಕ್ಕೆ ಎಸ್ಟೇಟ್ ವಿಭಾಗ ಇದೆ."

"ಹಾಗಾದ್ರೆ ಅಲ್ಲಿಗೇ ಕಳಿಸಿಬಿಡಿ."

ಮೇಡಂ ಕಡತವನ್ನು ಅವನ ಕಡೆ ತಿರುಗಿಸಿ ಹಸಿರು ಷರಾದ ಮೇಲೆ ಪೆನ್ನಿನ ತುದಿಯಿಟ್ಟರು. "ಕುಲಸಚಿವರು ನಮ್ಮ ವಿಭಾಗ ಅಂತ ಬರೆದಿದ್ದಾರೆ. ಅದು ತಪ್ಪು ಅಂತ ಕೆಳಗೆ ನಾನು ಬರೀಲಾ, ನೀವು ಬರೀತೀರಾ?"

ಇಬ್ಬರೂ ಸ್ವಲ್ಪ ಹೊತ್ತು ಆ ಹಸಿರನ್ನೇ ನೋಡಿದರು. ಇಬ್ಬರಿಗೂ ನಿವೃತ್ತಿಗೆ ಇನ್ನೂ ಒಂದೆರಡು ವರ್ಷ ಬಾಕಿ ಇತ್ತು.

"ಪಠ್ಯಪುಸ್ತಕ ಇಲ್ಲ," ಎಂದ ನಂಬರಪ್ಪ. "ಒಂದು ಹಾಳೆ ಇದೆ."

ಆ ಸಂಜೆ ಮೇಷ್ಟ್ರ ಮುಂದೆ ಎಲ್ಲವನ್ನೂ ಒಪ್ಪಿಕೊಂಡ: ಕಮಿಟಿ ಇಲ್ಲ, ಅಳತೆ ಇಲ್ಲ, ಹದಿನೆಂಟು ಬುಟ್ಟಿಯಿರಲಿ ಒಂದೂ ಇಲ್ಲ. ಮೇಷ್ಟ್ರು ಬೈಯುತ್ತಾರೆಂದುಕೊಂಡಿದ್ದ. ಅವರು ಯುದ್ಧದ ನಕ್ಷೆ ಬಿಡಿಸುವವರಂತೆ ಮುಂದಕ್ಕೆ ಬಾಗಿದರು.

"ಪಾಠ ಅಂದಮೇಲೆ ಪ್ರಾಯೋಗಿಕ ತರಗತಿ ಇರಲೇಬೇಕು, ಹೌದಾ? ರಸಾಯನಶಾಸ್ತ್ರಕ್ಕೆ ಪ್ರಯೋಗಶಾಲೆ ಕೊಡ್ತಾರೆ. ನಮ್ಮದಕ್ಕೆ ತೋಪು ಕೊಡಬೇಕು. ಅವರು ಪಾಠ ಅಂದ್ಕೊಂಡಿದ್ರೆ ಅಂದ್ಕೊಳ್ಳಲಿ ಬಿಡು. ಆ ಬಾಗಿಲಿಂದಾನೇ ಒಳಗೆ ನುಗ್ಗು."

ಇಬ್ಬರೂ ಸೇರಿ ಪಠ್ಯಕ್ರಮ ಕಟ್ಟಿದರು. ಒಂದನೇ ಘಟಕ ತಟ್ಟೆಯ ಚರಿತ್ರೆ, ಎರಡನೆಯದು ಗಾಳಿ, ಮೂರನೆಯದು ಮರಗಳು, ಅಡೆತಡೆಯಾಗಿ ಮತ್ತು ನೆರಳಾಗಿ, ನಾಲ್ಕನೆಯದು ಕಳೆದುಹೋದ ತಟ್ಟೆಯನ್ನು ಹುಡುಕುವ ವಿಧಾನಗಳು. ಐದನೆಯದರಲ್ಲಿ ಮೇಷ್ಟ್ರು ತಮ್ಮ ಕೈಯಾರೆ ಬರೆದರು: 'ಪ್ರಾಯೋಗಿಕ. ಸ್ಥಳ: ಹಳೇ ಹಾಸ್ಟೆಲಿನ ಹಿಂದಿನ ತೋಪು.' ಅಕ್ಕ ಒಳ್ಳೆಯ ಕಿವಿಯನ್ನು ಇತ್ತ ತಿರುಗಿಸಿ, "ಏನ್ ಬರೀತಿದೀರಿ ಇಬ್ರೂ, ಉಯಿಲಾ?" ಎಂದು ಕೇಳಿದರು.

ವಿದ್ಯಾವಿಷಯಕ ಪರಿಷತ್ತಿನ ಸಭೆಯಲ್ಲಿ ನಂಬರಪ್ಪನನ್ನು ವಿವರಣೆಗಾಗಿ ಕೂರಿಸಿದರು. ಎರಡು ಸಾವಿರದ ನಾಲ್ಕುನೂರ ಹದಿನೇಳನೇ ನಂಬರಿನ ಕುರ್ಚಿ. ಎಡಗಾಲು ಸಡಿಲವೆಂದು ಅವನಿಗೆ ಗೊತ್ತಿತ್ತು, ಆದ್ದರಿಂದ ಬಲಕ್ಕೆ ವಾಲಿ ಕೂತ. ಅದನ್ನು ಅಧ್ಯಕ್ಷರು ವಿನಯವೆಂದು ಭಾವಿಸಿದರು.

"ಹಾರುವ ವಸ್ತು ಅಂದಮೇಲೆ ಇದು ಭೌತಶಾಸ್ತ್ರದ ಅಡಿ ಬರಬೇಕು," ಎಂದರು ಭೌತಶಾಸ್ತ್ರದ ಪ್ರಾಧ್ಯಾಪಕರು.

"ಡಿಸ್ಕ್ ಅಂದರೆ ಬೆನ್ನುಮೂಳೆ. ನಮ್ಮನ್ನ ಬಿಟ್ಟು ಹೇಗೆ ಮಾಡ್ತೀರಿ?" ಎಂದು ವೈದ್ಯಕೀಯದ ಡೀನ್ ಮೇಜು ಕುಟ್ಟಿದರು.

"ಗಾಲ್ಫ್ ಆಡೋರೆಲ್ಲ ಮ್ಯಾನೇಜರುಗಳು," ಎಂದರು ನಿರ್ವಹಣಾಶಾಸ್ತ್ರದವರು.

ಮುಕ್ಕಾಲು ಗಂಟೆ ಜಗಳವಾಯಿತು. ಮೂರು ವಿಭಾಗಗಳು ಕೂಗಾಡಿಕೊಂಡು ಬೇಡುತ್ತಿರುವ ಕೋರ್ಸನ್ನು ತಿರಸ್ಕರಿಸುವುದು ಮೂರ್ಖತನವೆಂದು ಪರಿಷತ್ತಿಗೆ ಮನವರಿಕೆಯಾಯಿತು. ಆಗ ಎಸ್ಟೇಟಿನ ಎಂಜಿನಿಯರು ಎದ್ದುನಿಂತು, ತೋಪು ಈಗಾಗಲೇ ವಾಹನ ನಿಲುಗಡೆಗೆ ಮೀಸಲಾಗಿದೆಯೆಂದೂ ಐದನೇ ಘಟಕವನ್ನು ಸ್ಥಳಾವಕಾಶ ದೊರೆತಾಗ ನೋಡಿಕೊಳ್ಳಬಹುದೆಂದೂ ಸೂಚಿಸಿದರು. ಸೂಚನೆ ಸರ್ವಾನುಮತದಿಂದ ಅಂಗೀಕಾರವಾಯಿತು. ಡಿಸ್ಕ್ ಗಾಲ್ಫಿನಲ್ಲಿ ಆರು ತಿಂಗಳ ಸರ್ಟಿಫಿಕೇಟ್ ಕೋರ್ಸ್, ಬರೀ ಥಿಯರಿ. ಸಂಯೋಜಕರು: ಪೀಠೋಪಕರಣ ವಿಭಾಗದ ನಂಬರಪ್ಪ. ಅವನು ಏನೋ ಹೇಳಲೆಂದು ಎದ್ದ. ಅಷ್ಟರಲ್ಲಿ ವಂದನಾರ್ಪಣೆ ಶುರುವಾಗಿತ್ತು. ಎದ್ದವನನ್ನು ಕಂಡು ಎಲ್ಲರೂ ಚಪ್ಪಾಳೆ ತಟ್ಟಿದರು.

ಭಾವಮೈದ ಹೂಗುಚ್ಛ ಹಿಡಿದು ಬಂದ. "ಭಾವ, ಮೇಷ್ಟ್ರಾಗಿಬಿಟ್ರಲ್ಲ! ನಮ್ಮ ಕ್ಲಬ್ಬಿನೋರಿಗೆಲ್ಲ ಹೇಳಿದೀನಿ." ಹೆಂಡತಿ ಹೊಸ ಅಂಗಿ ತಂದಳು. ಪಕ್ಕದ ಮನೆಯಾಕೆ, "ಇಷ್ಟು ನೋವಿಟ್ಕೊಂಡು ಪಾಠ ಬೇರೆ ಮಾಡ್ತಾರಲ್ಲ," ಎಂದು ಕಣ್ಣೊರೆಸಿಕೊಂಡಳು.

ಮೇಷ್ಟ್ರು ಮಾತ್ರ, "ಐದನೇ ಘಟಕ ಹೋಯ್ತಾ?" ಎಂದು ಕೇಳಿದರು. ಹೋಯಿತೆಂದು ತಿಳಿದ ಮೇಲೆ, "ಪಾಠಾನಾದ್ರೂ ನಾನು ಮಾಡ್ತೀನಿ," ಎಂದರು. ಸಿಲಬಸ್ ಮೇಡಂ ನಿಯಮ ತೆಗೆದು ನೋಡಿದರು: ಡಿಸ್ಕ್ ಗಾಲ್ಫಿನಲ್ಲಿ ಡಾಕ್ಟರೇಟ್ ಇಲ್ಲದವರನ್ನು ಅತಿಥಿ ಬೋಧಕರಾಗಿ ತೆಗೆದುಕೊಳ್ಳುವ ಹಾಗಿರಲಿಲ್ಲ. ಸಂಯೋಜಕರಿಗೆ ಆ ನಿಯಮ ಅನ್ವಯಿಸುತ್ತಿರಲಿಲ್ಲ, ಏಕೆಂದರೆ ಅವರು ಬೋಧಕರೇ ಅಲ್ಲ; ಹಾಗಾಗಿ ಪಾಠ ನಂಬರಪ್ಪನ ಪಾಲಿಗೇ ಬಂತು. ಕೊನೆಗೆ ಮೇಷ್ಟ್ರು ವಿದ್ಯಾರ್ಥಿಯಾಗಿ ಸೇರಿಕೊಂಡರು. ಅರವತ್ತೆಂಟನೇ ವಯಸ್ಸಿನಲ್ಲಿ, ಕ್ರಮಸಂಖ್ಯೆ ಒಂದು.

ಉಳಿದ ಅರವತ್ತೊಂದು ಮಂದಿ ಯಾಕೆ ಸೇರಿದರೆಂದರೆ, ಯಾವುದಾದರೊಂದು ಕೋರ್ಸಿನಲ್ಲಿ ಹೆಸರಿದ್ದರೆ ಹಾಸ್ಟೆಲಿನ ಕೊಠಡಿ ಬಿಡಬೇಕಾಗಿರಲಿಲ್ಲ.

ತರಗತಿ ಎರಡನೇ ಮಹಡಿಯಲ್ಲಿ, ಬೆಳಗ್ಗೆ ಹನ್ನೊಂದಕ್ಕೆ. ಮೇಷ್ಟ್ರು ಹತ್ತೂವರೆಗೇ ಮೆಟ್ಟಿಲು ಹತ್ತಲು ಶುರುಮಾಡುತ್ತಿದ್ದರು. ಪ್ರತಿ ತಿರುವಿನಲ್ಲೂ ನಂಬರಪ್ಪ ಒಂದೊಂದು ಸ್ಟೂಲು ಇಡಿಸಿದ್ದ; ಆ ವಿಶ್ವವಿದ್ಯಾಲಯದಲ್ಲಿ ಅವನ ಅಧಿಕಾರದಲ್ಲಿದ್ದ ಉಪಕಾರ ಅದೊಂದೇ. ನಾಲ್ಕು ಸ್ಟೂಲುಗಳ ಮೇಲೆ ಕೂತು ಸುಧಾರಿಸಿಕೊಂಡು, ಮೇಷ್ಟ್ರು ಮೊದಲನೇ ಬೆಂಚಿಗೆ ಬಂದು ಪೆನ್ಸಿಲು ಚೂಪು ಮಾಡುತ್ತಿದ್ದರು.

ನಂಬರಪ್ಪ ಬೋರ್ಡಿನ ಮೇಲೆ ತಟ್ಟೆ ಬರೆದ, ಗಾಳಿ ಬರೆದ, ಬುಟ್ಟಿ ಬರೆದ. ತಪ್ಪಿದಾಗಲೆಲ್ಲ ಮೊದಲನೇ ಬೆಂಚಿನಿಂದ, "ಬಾಣದ ಗುರುತು ಉಲ್ಟಾ ಆಯ್ತು ಕಣೋ," ಎಂಬ ಧ್ವನಿ ಬರುತ್ತಿತ್ತು. ಒಂದು ದಿನ ನಿಜವಾದ ತಟ್ಟೆಗಳನ್ನೇ ತಂದು ಕೈಯಿಂದ ಕೈಗೆ ದಾಟಿಸಿದ. ಹಿಂದಿನ ಬೆಂಚಿನವನೊಬ್ಬ ತಡೆಯಲಾರದೆ ಎಸೆದುಬಿಟ್ಟ. ಫ್ಯಾನಿನ ರೆಕ್ಕೆ ಬಾಗಿತು. ಮೂರನೇ ದಿನಕ್ಕೆ ಸುತ್ತೋಲೆ ಬಂತು: 'ತರಗತಿಯಲ್ಲಿ ಬೋಧನಾ ವಿಷಯವನ್ನು ಎಸೆಯತಕ್ಕದ್ದಲ್ಲ.'

ಮೂರನೇ ಘಟಕ ತೆಗೆದ ದಿನ ಹೊರಗೆ ಗರಗಸದ ಸದ್ದು ಶುರುವಾಯಿತು. ಕಿಟಕಿಯಿಂದ ತೋಪು ಪೂರ್ತಿ ಕಾಣುತ್ತಿತ್ತು. ನಂಬರಪ್ಪ ಆ ಕಡೆ ಬೆನ್ನು ಮಾಡಿ, ಬೋರ್ಡಿನ ಮೇಲೆ ಮರವೊಂದನ್ನು ಬರೆದು, "ಮರಗಳು ಆಟಗಾರನಿಗೆ ಎರಡು ರೀತಿಯಲ್ಲಿ..." ಎಂದು ಆರಂಭಿಸಿದ. ಹೊರಗೆ ಏನೋ ದೊಡ್ಡದು ಬಿತ್ತು. ಕೊಠಡಿಯ ಬೆಂಚುಗಳು ಅಲುಗಿದವು. ಅರವತ್ತೊಂದು ಮಂದಿ 'ಎರಡು ರೀತಿಯಲ್ಲಿ' ಎಂದು ಬರೆದುಕೊಂಡು ಮುಂದಿನ ಮಾತಿಗೆ ಕಾದರು.

ಮೇಷ್ಟ್ರು ಎದ್ದು ಕಿಟಕಿಯ ಹತ್ತಿರ ನಿಂತರು. ತರಗತಿ ಮುಗಿಯುವವರೆಗೂ ಅಲ್ಲೇ ನಿಂತಿದ್ದರು. ಸಂಯೋಜಕನಾಗಿ ನಂಬರಪ್ಪ ಅವರಿಗೆ ಕೂರಲು ಹೇಳಬೇಕಾಗಿತ್ತು, ಹೇಳಲಿಲ್ಲ.

"ಏಳು ಬಿತ್ತು," ಎಂದರು ಮೇಷ್ಟ್ರು, ಇಳಿಯುವಾಗ ಮೂರನೇ ಸ್ಟೂಲಿನ ಮೇಲೆ ಕೂತು. "ನಾಳೆ ಉಳಿದದ್ದೂ ಬೀಳುತ್ತೆ."

"ನಾನು ಅರ್ಜಿ ಕೊಡದೇ ಇದ್ದಿದ್ರೇ ಚೆನ್ನಾಗಿತ್ತು ಮೇಷ್ಟ್ರೇ."

"ಕೊಡದೇ ಇದ್ದಿದ್ರೂ ಕಡೀತಿದ್ರು ಕಣೋ. ಆಗ ಇಷ್ಟು ಒಳ್ಳೆ ಜಾಗದಲ್ಲಿ ಕೂತು ನೋಡೋಕೆ ಆಗ್ತಿರಲಿಲ್ಲ, ಅಷ್ಟೇ."

ಅದಾದ ಮೇಲೆ ಅವರು ಮೆಟ್ಟಿಲು ಹತ್ತಲಿಲ್ಲ. ಮೊದಲು ಜಗುಲಿ ಬಿಟ್ಟು ಮಂಚಕ್ಕೆ ಹೋದರು, ಆಮೇಲೆ ಮಂಚ ಬಿಟ್ಟು ಆಸ್ಪತ್ರೆಗೆ. ನಂಬರಪ್ಪ ದಿನವೂ ತರಗತಿ ಮುಗಿಸಿಕೊಂಡು ಹೋಗಿ ಪಕ್ಕದಲ್ಲಿ ಕೂರುತ್ತಿದ್ದ. ಮೇಷ್ಟ್ರು ಕಣ್ಣು ಮುಚ್ಚಿಕೊಂಡೇ ಕೇಳುತ್ತಿದ್ದರು.

"ಇವತ್ತು ಏನಾಯ್ತು?"

"ನಾಲ್ಕನೇ ಘಟಕ. ಕಳೆದುಹೋದ ತಟ್ಟೆ."

"ಎಸೆದ ಕಡೆ ನೋಡಿಕೊಂಡು ಹುಡುಕಬಾರದು, ಗಾಳಿ ನೋಡಿಕೊಂಡು ಹುಡುಕಬೇಕು ಅಂತ ಹೇಳಿದ್ಯಾ?"

"ಹೇಳ್ದೆ."

"ಬರ್ಕೊಂಡ್ರಾ?"

"ಬರ್ಕೊಂಡ್ರು ಮೇಷ್ಟ್ರೇ. ಅವರು ನಾನು ಕೆಮ್ಮಿದ್ರೂ ಬರ್ಕೋತಾರೆ."

ಮೇಷ್ಟ್ರು ನಗಲು ಹೋಗಿ, ಎದೆ ಹಿಡಿದುಕೊಂಡು, ನಿಧಾನಕ್ಕೆ ಉಸಿರಾಡಿದರು.

ಒಂದು ಬುಧವಾರ ಮಧ್ಯಾಹ್ನ ಅವರು ತೀರಿಕೊಂಡರು. ಆಸ್ಪತ್ರೆಯವರು ಬಂದು ಹೇಳಿದ್ದು ಅಕ್ಕನ ಕೇಳಿಸದ ಕಿವಿಗೆ. ಆಕೆ "ಹೂಂ, ಹೂಂ" ಎಂದು ತಲೆಯಾಡಿಸಿ, ಬಿಸಿನೀರಿನ ಫ್ಲಾಸ್ಕಿನ ಮುಚ್ಚಳ ತಿರುಗಿಸುತ್ತಲೇ ಇದ್ದರು. ಎರಡನೇ ಸಲ ಹೇಳಬೇಕಾಗಿ ಬಂದದ್ದು ನಂಬರಪ್ಪನಿಗೆ. ಅವನು ಸುತ್ತಿಕೊಂಡು ಆಚೆ ಬದಿಗೆ ಹೋಗಿ, ಆಕೆಯ ಒಳ್ಳೆಯ ಕಿವಿಯ ಹತ್ತಿರ ಬಾಗಿ ಹೇಳಿದ.

ಪರೀಕ್ಷೆಗೆ ಹತ್ತು ದಿನವಿದ್ದಾಗ ಅಕ್ಕ ಉಗ್ರಾಣದ ಬಾಗಿಲಿಗೆ ಬಂದು ನಿಂತರು. ಅಷ್ಟು ದೂರ ನಡೆದುಬಂದು ಉಬ್ಬುಸವಾಗಿತ್ತು.

"ನನ್ನ ತಮ್ಮನ ಹೆಸರು ಬೋರ್ಡಿನ ಮೇಲೆ ಹಾಕಿದೀರಂತೆ. ಏನಪ್ಪಾ ತಪ್ಪು ಮಾಡಿದ ಅವನು?"

ನಂಬರಪ್ಪ ಓಡಿಹೋಗಿ ನೋಡಿದ. ಕಾರಿಡಾರಿನ ಗಾಜಿನ ಬೋರ್ಡಿನಲ್ಲಿ ಪ್ರಕಟಣೆ ಇತ್ತು: 'ಹಾಜರಾತಿ ಕೊರತೆಯಿಂದಾಗಿ ಪರೀಕ್ಷೆಗೆ ಅನರ್ಹರಾದವರು.' ಕೆಳಗೆ ಒಂದೇ ಹೆಸರು. ಮೂವತ್ನಾಲ್ಕು ವರ್ಷ ಸೂರ್ಯನಿಗಿಂತ ಮುಂಚೆ ಮೈದಾನದಲ್ಲಿ ನಿಂತಿರುತ್ತಿದ್ದ ಮನುಷ್ಯನ ಹೆಸರು. ಹಾಜರಿ ಪುಸ್ತಕದಲ್ಲಿ ಆ ಗೈರುಗಳನ್ನೆಲ್ಲ ಗುರುತು ಹಾಕಿದವನು ನಂಬರಪ್ಪನೇ. ಬಾರದವರ ಮುಂದೆ ಬಂದರೆಂದು ಬರೆಯುವುದು ಅವನಿಗೆ ಗೊತ್ತಿರಲಿಲ್ಲ.

ಅವನು ನೇರವಾಗಿ ಸಿಲಬಸ್ ಮೇಡಂ ಕೊಠಡಿಗೆ ನುಗ್ಗಿದ. ಕಮಿಟಿ, ಅರ್ಜಿ, ಪರಿಷತ್ತು, ಎಲ್ಲಿಯೂ ಏರದಿದ್ದ ಅವನ ಧ್ವನಿ ಅಲ್ಲಿ ಏರಿತು.

"ಸತ್ತುಹೋಗಿದಾರೆ ಮೇಡಂ! ಸತ್ತೋರು ಹೇಗೆ ಹಾಜರಾಗ್ತಾರೆ? ಆ ಹೆಸರು ತೆಗೀರಿ!"

"ತೆಗೆಯೋಕೆ ಕಾರಣ ಬೇಕಲ್ಲ."

"ಸಾವು ಕಾರಣ ಅಲ್ವಾ?"

ಮೇಡಂ ನಿಯಮಾವಳಿ ಬಿಡಿಸಿ ಬೆರಳಿಟ್ಟು ಓದಿದರು. "ಹಾಜರಾತಿ ವಿನಾಯಿತಿ. ಹೆರಿಗೆ, ಸಾಂಕ್ರಾಮಿಕ ರೋಗ, ಪ್ರವಾಹ. ಸಾವು ಇದರಲ್ಲಿಲ್ಲ." ಪುಟ ತಿರುಗಿಸಿದರು. ಅಲ್ಲಿ ಅವರ ಬೆರಳು ನಿಂತಿತು. ಕನ್ನಡಕ ತೆಗೆದು ಸೆರಗಿನಿಂದ ಒರೆಸಿ ಮತ್ತೆ ಹಾಕಿಕೊಂಡರು. "ಇನ್ನೊಂದಿದೆ. 'ವಿಶ್ವವಿದ್ಯಾಲಯದ ಪರವಾಗಿ ಆಡಲು ಹೊರಗೆ ಹೋದ ವಿದ್ಯಾರ್ಥಿಯ ಗೈರುದಿನಗಳನ್ನು ಹಾಜರಿಯೆಂದೇ ಪರಿಗಣಿಸತಕ್ಕದ್ದು.'"

ನಂಬರಪ್ಪ ಮೇಜಿನ ಮೇಲೆ ಬಾಗಿ ಆ ಸಾಲನ್ನು ತಾನೇ ಓದಿದ.

"ಆಡೋಕೆ ಹೋಗಿದ್ರಾ?" ಎಂದು ಕೇಳಿದರು ಮೇಡಂ, ತಲೆಯೆತ್ತದೆ.

"ಹೌದು ಮೇಡಂ."

"ಯಾವ ಆಟ?"

"ಡಿಸ್ಕ್ ಗಾಲ್ಫ್."

"ಹೋದ ತಾರೀಕು?"

ಗರಗಸದ ಸದ್ದು ಕೇಳಿದ ಮರುದಿನದ ತಾರೀಕನ್ನು ಅವನು ಹೇಳಿದ. ಮೇಡಂ ಬರೆದುಕೊಂಡರು. "ವಾಪಸು ಬಂದ ತಾರೀಕು..." ಎನ್ನುತ್ತ ಅವರ ಪೆನ್ನು ಮುಂದಿನ ಕಾಲಮ್ಮಿನ ಮೇಲೆ ನಿಂತಿತು. "ಇದನ್ನ ಖಾಲಿ ಬಿಡೋಣ. ಯಾರೂ ನೋಡಲ್ಲ." ಅವರೇ ಮೊಹರು ಒತ್ತಿದರು.

ಅರ್ಧ ಗಂಟೆಯಲ್ಲಿ ಪ್ರಕಟಣೆ ಕೆಳಗಿಳಿಯಿತು. ಆರು ತಿಂಗಳಲ್ಲಿ ನಂಬರಪ್ಪ ಕೇಳಿದ್ದರಲ್ಲಿ ಆದದ್ದು ಅದೊಂದೇ. ಅಕ್ಕ ಖಾಲಿ ಬೋರ್ಡನ್ನು ಎರಡು ಸಲ ನೋಡಿ ಖಚಿತ ಮಾಡಿಕೊಂಡು ಮನೆಗೆ ಹೋದರು.

ಆದರೆ ಅನರ್ಹರ ಪಟ್ಟಿಯಿಂದ ಬಿಟ್ಟುಹೋದ ಹೆಸರು ಗಾಳಿಯಲ್ಲಿ ನಿಲ್ಲುವುದಿಲ್ಲವಲ್ಲ. ಅದು ತಾನಾಗಿ ಅರ್ಹರ ಪಟ್ಟಿಗೆ ಹೋಗಿ ಕೂತಿತು. ಪರೀಕ್ಷೆಯ ದಿನ ನಂಬರಪ್ಪ ಹಾಲಿಗೆ ಹೋದಾಗ ಮೊದಲ ಸಾಲಿನ ಮೊದಲ ಮೇಜಿನ ಮೇಲೆ ಸೀಮೆಸುಣ್ಣದಲ್ಲಿ 'ಒಂದು' ಎಂದು ಬರೆದಿತ್ತು. ಅವನು ಎಲ್ಲರಿಗೂ ಪ್ರಶ್ನೆಪತ್ರಿಕೆ ಹಂಚಿದ. ಆ ಮೇಜಿನ ಮೇಲೂ ಒಂದನ್ನಿಟ್ಟು, ಹಾರದಂತೆ ಡಸ್ಟರನ್ನು ಹೇರಿದ.

ತಡವಾಗಿ ಬಂದವರಿಗೆ ಅರ್ಧ ಗಂಟೆಯ ಅವಕಾಶವಿತ್ತು. ನಂಬರಪ್ಪ ಬಾಗಿಲನ್ನು ಪೂರ್ತಿ ತೆರೆದಿಟ್ಟು ಅದರ ಪಕ್ಕದಲ್ಲೇ ಕುರ್ಚಿ ಹಾಕಿಕೊಂಡ. ಅರವತ್ತೊಂದು ಮಂದಿ ತಲೆ ತಗ್ಗಿಸಿ, ಒಂದು ಸಲವೂ ಆಡದ ಆಟದ ಬಗ್ಗೆ ಪುಟಗಟ್ಟಲೆ ಬರೆಯುತ್ತಿದ್ದರು. 'ಕೈಯಿಂದ ತಟ್ಟೆ ಬಿಟ್ಟುಹೋಗುವ ಕ್ಷಣವನ್ನು ವರ್ಣಿಸಿ' ಎಂಬ ಪ್ರಶ್ನೆಗೆ ಹುಡುಗಿಯೊಬ್ಬಳು ಆಗಲೇ ಎರಡನೇ ಹಾಳೆ ಕೇಳಿ ತೆಗೆದುಕೊಂಡು ಹೋಗಿದ್ದಳು. ಕಿಟಕಿಯಾಚೆ ತೋಪಿದ್ದ ಜಾಗದಲ್ಲಿ ವಾಹನಗಳು ಸಾಲಾಗಿ ನಿಂತಿದ್ದವು.

ಮೂವತ್ತು ನಿಮಿಷವಾಯಿತು. ನಲವತ್ತಾಯಿತು. ನಂಬರಪ್ಪ ಎದ್ದಿರಲಿಲ್ಲ.

ಐವತ್ತನೇ ನಿಮಿಷಕ್ಕೆ ಕುಲಸಚಿವರು ತಪಾಸಣೆಗೆ ಬಂದರು. ತುಂಬಿದ ಹಾಲನ್ನು ನೋಡಿ ಅವರ ಮುಖ ಅರಳಿತು. "ಬಹಳ ಚೆನ್ನಾಗಿ ಬೇರೂರಿದೆ ನಿಮ್ಮ ಕೋರ್ಸು. ಮುಂದಿನ ವರ್ಷ ಡಿಪ್ಲೊಮಾ ಮಾಡಿಬಿಡಿ, ಒಂದು ಅರ್ಜಿ ಕೊಡಿ ಸಾಕು," ಎಂದು ನಂಬರಪ್ಪನ ಭುಜ ತಟ್ಟಿದರು. ಆಮೇಲೆ ಅವರ ಕಣ್ಣು ಮೊದಲ ಸಾಲಿಗೆ ಹೋಯಿತು.

"ಯಾರದು ಆ ಖಾಲಿ ಸೀಟು?"

"ಬರಬೇಕಾಗಿತ್ತು ಸಾರ್."

"ಟೈಮ್ ಆಗಿಹೋಯ್ತಲ್ರೀ. ಇನ್ನೂ ಬಾಗಿಲು ಯಾಕೆ ತೆಗೆದಿಟ್ಟಿದೀರಿ? ಹೊರಗಡೆ ಗಾಡಿ ಸದ್ದು ಎಷ್ಟು ಕೇಳಿಸ್ತಿದೆ ನೋಡಿ. ಹಾಕಿ, ಹಾಕಿ."

ನಂಬರಪ್ಪ ಎದ್ದುಹೋಗಿ ಕಾರಿಡಾರಿನ ಎರಡೂ ಕಡೆ ಒಂದು ಸಲ ನೋಡಿದ. ಆಮೇಲೆ ಬಾಗಿಲು ಹಾಕಿದ.